ಗೊತ್ತಿದ್ದೂ ಹೆದರೋಕೆ ಕೂರೋದು ಯಾಕೆ?

ನನ್ನ ಚಿಕ್ಕಮ್ಮನ ಮಗ ‘ಹೆರೆಡಿಟರಿ’ ಅನ್ನುವ ಇಂಗ್ಲಿಷ್ ಹಾರರ್ ಸಿನಿಮಾವನ್ನು ಆರು ಸಲ ನೋಡಿದ್ದಾನೆ. ಆರನೇ ಸಲ ಅವನ ರೂಮಿನಲ್ಲಿ ನಾನೂ ಪಕ್ಕದಲ್ಲಿದ್ದೆ. ರಾತ್ರಿ ಹನ್ನೆರಡು ದಾಟಿತ್ತು, ಲೈಟ್ ಆರಿಸಿದ್ದ, ನಡುವೆ ಪೇಪರ್ ಹಾಸಿ ಚುರುಮುರಿ ಸುರಿದುಕೊಂಡಿದ್ದೆವು. ಕೊನೆಯ ಅರ್ಧ ಗಂಟೆ ಶುರುವಾಗುವ ಹೊತ್ತಿಗೆ ನಾನು ದಿಂಬು ಅವಚಿಕೊಂಡು ಗೋಡೆಗೆ ಒರಗಿದ್ದೆ. ಅವನು ಮಾತ್ರ ಮದುವೆ ವಿಡಿಯೋದಲ್ಲಿ ತನ್ನ ಮುಖ ಯಾವಾಗ ಬರುತ್ತೋ ಅಂತ ಕಾಯುವವನ ಹಾಗೆ ಮುಂದಕ್ಕೆ ಬಾಗಿ ಕೂತಿದ್ದ.

“ಅಣ್ಣ, ಈಗ ಹುಡುಗನ್ನ ನೋಡ್ಬೇಡ. ಅವನ ಹಿಂದಿನ ಗೋಡೆ ನೋಡು. ಮೇಲ್ಗಡೆ.”

ನೋಡಿದೆ. ಮೊದಲು ಬರೀ ಕತ್ತಲೆ. ಕಣ್ಣು ಹೊಂದಿಕೊಳ್ಳುತ್ತಾ ಬಂದ ಹಾಗೆ ಆ ಕತ್ತಲೆಯೊಳಗೆ ಇನ್ನೊಂದಿಷ್ಟು ಗಟ್ಟಿ ಕತ್ತಲೆ ಕಂಡಿತು. ಅದು ಆ ಹುಡುಗನ ಅಮ್ಮ. ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಹತ್ತಿರ, ಹಲ್ಲಿಯ ಹಾಗೆ ಕಚ್ಚಿಕೊಂಡಿದ್ದಾಳೆ. ಢಮ್ ಅನ್ನುವ ಸಂಗೀತ ಇಲ್ಲ, ಕ್ಯಾಮೆರಾ ಅವಳ ಕಡೆ ಬೊಟ್ಟು ಮಾಡುವುದೂ ಇಲ್ಲ. ಕಂಡವರಿಗೆ ಕಂಡಳು, ಅಷ್ಟೇ. ನಾನು ಮೊದಲ ಸಲ ನೋಡಿದಾಗ ಅವಳನ್ನು ಗಮನಿಸಿಯೇ ಇರಲಿಲ್ಲ. ಈಗ ಬೆನ್ನ ಮೇಲೆ ತಣ್ಣೀರು ಸುರಿದ ಹಾಗಾಯಿತು. ಇವನು ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡು ನಕ್ಕ.

ಏನಾಗುತ್ತೆ ಅಂತ ಪೂರ್ತಿ ಗೊತ್ತು. ಯಾರು ಸಾಯ್ತಾರೆ, ಹೇಗೆ ಸಾಯ್ತಾರೆ, ಯಾವ ನಿಮಿಷಕ್ಕೆ ಅಂತಲೂ ಗೊತ್ತು. ನೋಡಿದ ಮೇಲೆ ಮನಸ್ಸು ಹಗುರಾಗುವ ಸಿನಿಮಾ ಕೂಡ ಅಲ್ಲ. ಹಾಗಿದ್ದರೂ ಮತ್ತೆ ಕೂರೋದು ಯಾಕೆ? “ನಿಂಗೇನು ತಲೆ ಕೆಟ್ಟಿದೆಯಾ” ಅಂತ ಚಿಕ್ಕಮ್ಮ ಅವನನ್ನು ಕೇಳಿಯಾಗಿದೆ. ಅವರ ಪ್ರಶ್ನೆಯನ್ನೇ ನಾನು ಸ್ವಲ್ಪ ಮರ್ಯಾದೆಯಿಂದ ಕೇಳಿಕೊಳ್ಳುತ್ತಿದ್ದೇನೆ. (ಆ ಸಿನಿಮಾ ಇನ್ನೂ ನೋಡಿಲ್ಲ, ನೋಡಬೇಕು ಅಂತಿದ್ದರೆ ಇಲ್ಲೇ ನಿಲ್ಲಿಸಿ. ಮುಂದೆ ಎಲ್ಲಾ ಹೇಳಿಬಿಡುತ್ತೇನೆ.)

ನಾನು ಹೇಳುತ್ತಿರುವುದು ಹಾಡು, ಕಾಮಿಡಿ ಎಲ್ಲ ಇದ್ದು ಕೊನೆಗೆ ಮಂತ್ರವಾದಿ ಬಂದು ನಿಂಬೆಹಣ್ಣು ಕುಯ್ದು ಎಲ್ಲ ಸರಿ ಮಾಡುವ ದೆವ್ವದ ಸಿನಿಮಾಗಳ ಬಗ್ಗೆ ಅಲ್ಲ. ಅವನ್ನು ಮತ್ತೆ ಮತ್ತೆ ನೋಡುವುದರಲ್ಲಿ ಆಶ್ಚರ್ಯ ಏನಿಲ್ಲ, ಟಿವಿಯಲ್ಲಿ ಬಂದರೆ ಮನೆಮಂದಿಯೆಲ್ಲ ಊಟ ಮಾಡುತ್ತಾ ನೋಡುತ್ತಾರೆ. ನನ್ನ ಪ್ರಶ್ನೆ ಇರುವುದು ನೋಡುವವರನ್ನು ಹಿಂಡಿ ಹಿಪ್ಪೆ ಮಾಡುವ ಸಿನಿಮಾಗಳ ಬಗ್ಗೆ. ಸಮಾಧಾನ ಕೊಡದೆ ಮುಗಿಯುವಂಥವು. 2018ರ ಜೂನ್‌ನಲ್ಲಿ ಅಮೆರಿಕದಲ್ಲಿ ‘ಹೆರೆಡಿಟರಿ’ ಬಿಡುಗಡೆಯಾದಾಗ, ಮೊದಲ ದಿನಗಳಲ್ಲೇ ಥಿಯೇಟರ್‌ಗೆ ಬಂದ ಜನರ ಕೈಯಲ್ಲಿ ಅಂಕ ಹಾಕಿಸುವ ‘ಸಿನಿಮಾಸ್ಕೋರ್’ ಸಮೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ‘ಡಿ ಪ್ಲಸ್’. ಸ್ಕೂಲಿನ ಲೆಕ್ಕದಲ್ಲಿ ಹೇಳಬೇಕೆಂದರೆ ಜಸ್ಟ್ ಪಾಸ್, ಅದೂ ಅನುಮಾನ. ವಿಮರ್ಶಕರು ಮಾತ್ರ ತಲೆ ಮೇಲೆ ಹೊತ್ತುಕೊಂಡಿದ್ದರು. ಸುಮಾರು 1 ಕೋಟಿ ಡಾಲರ್‌ನಲ್ಲಿ ಮಾಡಿದ ಸಿನಿಮಾ ಜಗತ್ತಿನಾದ್ಯಂತ 8 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಇವತ್ತಿಗೂ ಅದರ ಒಂದೊಂದು ಫ್ರೇಮನ್ನೂ ನಿಲ್ಲಿಸಿ ನಿಲ್ಲಿಸಿ ನೋಡುವವರಿದ್ದಾರೆ. ಮೊದಲ ಸಲ ನೋಡಿ “ಥೂ” ಅಂದವರಲ್ಲೂ ಕೆಲವರು ಆಮೇಲೆ ಆ ಗುಂಪಿಗೆ ಸೇರಿದರು. ನಾನೇ ಅದಕ್ಕೆ ಸಾಕ್ಷಿ.

ಮೊದಲ ಸಲ ನೋಡುವಾಗ ಏನಾಗುತ್ತದೆ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಕಣ್ಣು ಪರದೆ ಮೇಲಿದ್ದರೂ ಮನಸ್ಸೆಲ್ಲ ಮುಂದಿನ ನಿಮಿಷದ ಮೇಲೆ. ಈಗ ಬಾಗಿಲು ತೆಗೆಯುತ್ತಾ? ಈಗ ಕಿರುಚ್ತಾರಾ? ಶಬ್ದ ಬರುತ್ತೆ ಅನ್ನಿಸಿದರೆ ಕಿವಿ ಮುಚ್ಚಿಕೊಳ್ಳುತ್ತೇವೆ, ಮುಖ ಬರುತ್ತೆ ಅನ್ನಿಸಿದರೆ ಬೆರಳ ಸಂದಿಯಲ್ಲಿ ನೋಡುತ್ತೇವೆ. ಅಂದರೆ ನಿಜವಾಗಿ ಅರ್ಧ ಸಿನಿಮಾ ನೋಡಿರುವುದಿಲ್ಲ. ತಪ್ಪಿಸಿಕೊಳ್ಳುವುದರಲ್ಲೇ ಕಾಲ ಕಳೆದಿರುತ್ತೇವೆ. ಎರಡನೇ ಸಲ ಆ ಕೆಲಸ ಇರುವುದಿಲ್ಲ. ಆಗ ಕಣ್ಣಿಗೆ ಬಿಡುವು ಸಿಗುತ್ತದೆ.

ಆ ಬಿಡುವಿನಲ್ಲಿ ಕಾಣುವುದು ಬೇರೆಯೇ ಸಿನಿಮಾ. ‘ಹೆರೆಡಿಟರಿ’ಯ ಕಥೆ ಒಂದು ಅಜ್ಜಿಯ ಸಾವಿನಿಂದ ಶುರುವಾಗುತ್ತದೆ. ಕೆಲವೇ ದಿನಗಳಲ್ಲಿ ಆ ಮನೆಯ ಚಿಕ್ಕ ಹುಡುಗಿ ರಸ್ತೆಯಲ್ಲಿ ಸಾಯುತ್ತಾಳೆ. ಅಣ್ಣ ಕಾರು ಓಡಿಸುತ್ತಿರುತ್ತಾನೆ, ಅಲರ್ಜಿಯಿಂದ ಉಸಿರು ಕಟ್ಟಿದ ತಂಗಿ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾಳೆ, ರಸ್ತೆ ಪಕ್ಕದ ಕಂಬ. ಮೊದಲ ಸಲ ಇದು ಅಪಘಾತ. ಎರಡನೇ ಸಲ ನೋಡಿದರೆ, ಆ ಅಣ್ಣ ತಂಗಿ ಪಾರ್ಟಿಗೆ ಹೋಗುವ ದಾರಿಯಲ್ಲೇ ಕ್ಯಾಮೆರಾ ಅದೇ ಕಂಬದ ಮೇಲೆ ಒಂದು ಗಳಿಗೆ ನಿಂತಿರುತ್ತದೆ, ಕಂಬದ ಮೇಲೆ ಒಂದು ಗುರುತು ಕೆತ್ತಿರುತ್ತದೆ. ಅದೇ ಗುರುತು ಅಜ್ಜಿಯ ಕೊರಳಿನ ಪದಕದಲ್ಲಿದೆ. ಅಜ್ಜಿಯ ಅಂತ್ಯಕ್ರಿಯೆಗೆ ಬಂದ ಒಬ್ಬ ಅಪರಿಚಿತ ಈ ಹುಡುಗಿಯನ್ನು ನೋಡಿ ಸುಮ್ನೆ ನಗುತ್ತಾನೆ. ಮೊದಲ ಸಲ “ಪಾಪ, ಮಗು ಅಂತ ನಕ್ಕ” ಅಂದುಕೊಂಡಿದ್ದೆ. ಆ ಅಣ್ಣನ ಕ್ಲಾಸ್‌ರೂಮಿನಲ್ಲಿ ಮೇಷ್ಟ್ರು ಗ್ರೀಕ್ ದುರಂತ ನಾಟಕದ ಪಾಠ ಮಾಡುತ್ತಿರುತ್ತಾರೆ, ವಿಷಯ ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್: ಆಯ್ಕೆಯೇ ಇಲ್ಲದೆ ಹೋದರೆ ದುರಂತ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ ಅಂತ ಚರ್ಚೆ. ನಮ್ಮ ಹುಡುಗ ಕಿವಿ ಕೊಡುವುದಿಲ್ಲ. ನಾವೂ ಕೊಟ್ಟಿರುವುದಿಲ್ಲ. ಅಲ್ಲಿ ಮೇಷ್ಟ್ರು ಸಿನಿಮಾದ ಕಥೆಯನ್ನೇ ಹೇಳಿ ಮುಗಿಸಿರುತ್ತಾರೆ!

ಎಲ್ಲಕ್ಕಿಂತ ನನಗೆ ಕಷ್ಟವಾದದ್ದು ಅಪಘಾತದ ಮರುಕ್ಷಣ. ಕಾರು ನಿಂತಿದೆ. ಹುಡುಗ ಹಿಂದಕ್ಕೆ ತಿರುಗಿ ನೋಡುವುದಿಲ್ಲ. ಅವನ ಮುಖ ಮಾತ್ರ ಪರದೆ ಮೇಲಿದೆ, ಎಷ್ಟೋ ಹೊತ್ತು. ಆಮೇಲೆ ನಿಧಾನಕ್ಕೆ ಕಾರು ಓಡಿಸಿಕೊಂಡು ಮನೆಗೆ ಬಂದು, ಯಾರಿಗೂ ಹೇಳದೆ ಹಾಸಿಗೆಯಲ್ಲಿ ಮಲಗಿಬಿಡುತ್ತಾನೆ. ಬೆಳಗಾಗುತ್ತದೆ. ಕ್ಯಾಮೆರಾ ಈಗಲೂ ಅವನ ಮುಖದ ಮೇಲೇ ಇದೆ. ಹೊರಗೆ ಅಮ್ಮ ಕಾರಿನ ಕಡೆ ಹೋಗುವುದು ಕೇಳಿಸುತ್ತದೆ, ಆಮೇಲೆ ಅವಳ ಕೂಗು ಕೇಳಿಸುತ್ತದೆ. ಮೊದಲ ಸಲ ಇಲ್ಲಿ ನಾನು ಸಿನಿಮಾ ನಿಲ್ಲಿಸಿ ನೀರು ಕುಡಿಯಲು ಎದ್ದುಹೋಗಿದ್ದೆ. ಎರಡನೇ ಸಲ ಗೊತ್ತಿತ್ತಲ್ಲ, ಅದಕ್ಕೆ ಕೂತೆ. ಕೂತಿದ್ದಕ್ಕೆ ಆ ಹುಡುಗನ ಕಣ್ಣು ನೋಡಲು ಸಿಕ್ಕಿತು. ತಪ್ಪು ಮಾಡಿದ ಮಗು ಕಣ್ಣು ಮುಚ್ಚಿಕೊಂಡರೆ ಆದದ್ದು ಆಗಿಲ್ಲ ಅಂತಾಗುತ್ತದೆ ಅಂದುಕೊಳ್ಳುತ್ತದಲ್ಲ, ಅಂಥದ್ದು. ಅದು ದೆವ್ವದ ಭಯಕ್ಕಿಂತ ಎಷ್ಟೋ ಜಾಸ್ತಿ ಕಾಡಿತು, ಮತ್ತು ಅದನ್ನು ನೋಡಿದ್ದಕ್ಕೆ ಖುಷಿಯೂ ಆಯಿತು. ಎರಡೂ ಒಟ್ಟಿಗೆ.

ನಿರ್ದೇಶಕ ಹಿಚ್‌ಕಾಕ್ ಸಂದರ್ಶನಗಳಲ್ಲಿ ಹೇಳುತ್ತಿದ್ದ ಬಾಂಬಿನ ಉದಾಹರಣೆ ಸಿನಿಮಾ ಹುಚ್ಚಿರುವ ಎಲ್ಲರಿಗೂ ಗೊತ್ತು. ಇಬ್ಬರು ಮೇಜಿನ ಬಳಿ ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬ್ ಸಿಡಿಯಿತು ಅಂದರೆ ಕೆಲವು ಸೆಕೆಂಡಿನ ಬೆಚ್ಚು. ಮೇಜಿನ ಕೆಳಗೆ ಬಾಂಬ್ ಇದೆ ಅಂತ ನಮಗೆ ಮೊದಲೇ ತೋರಿಸಿಬಿಟ್ಟರೆ ಅದೇ ಹರಟೆ ಪೂರ್ತಿ ಎದೆ ಹೊಡೆದುಕೊಳ್ಳುತ್ತದೆ. ಎರಡನೇ ಸಲ ಸಿನಿಮಾ ನೋಡುವವರಿಗೆ ಎಲ್ಲ ಮೇಜಿನ ಕೆಳಗಿನ ಬಾಂಬೂ ಗೊತ್ತು. ‘ಹೆರೆಡಿಟರಿ’ಯ ಪಾರ್ಟಿಯಲ್ಲಿ ಯಾರೋ ಕೇಕಿಗೆ ಹಾಕಲು ಟಕಟಕ ಅಂತ, ಆ ಹುಡುಗಿಗೆ ಅಲರ್ಜಿಯಾಗುವ ವಾಲ್‌ನಟ್ ಹೆಚ್ಚುತ್ತಿದ್ದಾರೆ. ಮೊದಲ ಸಲ ಅದು ಅಡುಗೆಮನೆ, ಅಷ್ಟೇ. ಎರಡನೇ ಸಲ ಆ ಚಾಕುವಿನ ಸದ್ದಿಗೇ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಹಾಗಾಗಿ ಎರಡನೇ ಸಲ ಭಯ ಕಮ್ಮಿಯಾಗುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಜಾಗ ಬದಲಾಯಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮೂಲ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸೂಕ್ಷ್ಮಗಳನ್ನು ಹುಡುಕುವುದಕ್ಕೆ ಪತ್ತೇದಾರಿ ಸಿನಿಮಾ ಸಾಲದಾ? ಹಿಂಸೆಯಾಗುವ ಸಿನಿಮಾವೇ ಯಾಕೆ ಬೇಕು?

ಇಲ್ಲಿ ಡೆನ್ಮಾರ್ಕಿನ ಒಂದು ಪ್ರಯೋಗ ನೆರವಿಗೆ ಬರುತ್ತದೆ. ಆರ್ಹುಸ್ ವಿಶ್ವವಿದ್ಯಾಲಯದಲ್ಲಿ, ಜನ ಮಜಾಕ್ಕೆ ಅಂತ ಹೆದರುವುದನ್ನೇ ಅಧ್ಯಯನ ಮಾಡುವ ಒಂದು ಲ್ಯಾಬ್ ಇದೆ. ಅಲ್ಲಿನವರು ವೈಲೆ ಅನ್ನುವ ಊರಿನ ಒಂದು ‘ಹಾಂಟೆಡ್ ಹೌಸ್’ಗೆ ಬಂದ 110 ಜನರಿಗೆ ಎದೆಬಡಿತ ಅಳೆಯುವ ಯಂತ್ರ ಕಟ್ಟಿ ಒಳಗೆ ಕಳಿಸಿದರು. ಜಾತ್ರೆಯ ಭೂತಬಂಗ್ಲೆ ಅಂದುಕೊಳ್ಳಬೇಡಿ, ನಟರು ಮೋಟರ್ ಗರಗಸ ಹಿಡಿದು ಅಟ್ಟಿಸಿಕೊಂಡು ಬರುವಂಥ ದೊಡ್ಡ ವ್ಯವಸ್ಥೆ. 2020ರಲ್ಲಿ ಪ್ರಕಟವಾದ ಫಲಿತಾಂಶ ಸರಳವಾಗಿದೆ: ಭಯ ತೀರಾ ಕಮ್ಮಿಯಾದರೆ ಮಜಾ ಇಲ್ಲ, ತೀರಾ ಜಾಸ್ತಿಯಾದರೂ ಮಜಾ ಇಲ್ಲ. ನಡುವೆ ಎಲ್ಲೋ ಒಂದು ಹದ ಇದೆ, ಅಲ್ಲಿ ಮಜಾ ಜಾಸ್ತಿ. ಗ್ರಾಫ್ ಬರೆದರೆ ಗುಡ್ಡದ ಆಕಾರ.

ಇದನ್ನು ಮರುವೀಕ್ಷಣೆಗೆ ಅನ್ವಯಿಸಿ ನೋಡಿ. ಇದು ಆ ಸಂಶೋಧಕರು ಹೇಳಿದ್ದಲ್ಲ, ನನ್ನ ಲೆಕ್ಕ. ಸಾಧಾರಣ ದೆವ್ವದ ಸಿನಿಮಾ ಮೊದಲ ಸಲವೇ ಹದವಾಗಿರುತ್ತದೆ. ಎರಡನೇ ಸಲಕ್ಕೆ ಆರಿದ ಕಾಫಿ. ಆದರೆ ಹಿಂಡಿ ಹಿಪ್ಪೆ ಮಾಡುವ ಸಿನಿಮಾ ಮೊದಲ ಸಲ ಬಾಯಿಗೆ ಇಡಲಾಗದಷ್ಟು ಸುಡುತ್ತದೆ. ನಾಲಿಗೆ ಸುಟ್ಟುಕೊಂಡು ಲೋಟ ಕೆಳಗಿಡುತ್ತೇವೆ. ಕಥೆ ಗೊತ್ತಾದ ಮೇಲೆ, ಒಂದಷ್ಟು ಕಾಲ ಕಳೆದ ಮೇಲೆ, ಅದು ಕುಡಿಯುವ ಹದಕ್ಕೆ ಬರುತ್ತದೆ. ಇನ್ನೂ ಬಿಸಿ ಇದೆ, ಆದರೆ ರುಚಿ ಗೊತ್ತಾಗುತ್ತದೆ. ಅಂದರೆ ಜನ ಮತ್ತೆ ಮತ್ತೆ ಹೋಗುವುದು “ಅಷ್ಟು ಕ್ರೂರವಾಗಿದ್ದರೂ” ಅಲ್ಲ, ಅಷ್ಟು ಕ್ರೂರವಾಗಿರುವುದಕ್ಕೇ. ಮೊದಲ ಸಲ ಅದು ಗುಡ್ಡದ ಆಚೆ ಬದಿಯಲ್ಲಿತ್ತು. ಗೊತ್ತಿರುವುದು ನಮ್ಮನ್ನು ಒಂದೆರಡು ಹೆಜ್ಜೆ ಹಿಂದಕ್ಕೆ, ನೆತ್ತಿಯ ಕಡೆಗೆ ತಂದು ನಿಲ್ಲಿಸುತ್ತದೆ.

ಹಾಗಂತ ದೇಹ ಎಲ್ಲ ಮರೆಯುವುದಿಲ್ಲ. ದಿಢೀರ್ ಸದ್ದಿಗೆ ಬೆಚ್ಚುವುದು ಮಿದುಳಿನ ಬುಡದಲ್ಲಿ ನಡೆಯುವ ಕೆಲಸ. ಅದು ಯೋಚನೆಯ ಅಪ್ಪಣೆ ಕೇಳುವುದಿಲ್ಲ. ಪಕ್ಕದಲ್ಲೇ ಕೂತು ಪಟಾಕಿ ಹಚ್ಚಿದವರೂ ಪಟಾಕಿ ಸಿಡಿದಾಗ ಬೆಚ್ಚುತ್ತಾರೆ, ಅಲ್ವಾ? ಆರನೇ ಸಲ ನೋಡುತ್ತಿದ್ದ ನನ್ನ ತಮ್ಮನ ಭುಜ ಎರಡು ಕಡೆ ಜಿಗಿದದ್ದನ್ನು ನಾನೇ ನೋಡಿದ್ದೇನೆ. ಕೇಳಿದರೆ ಇಲ್ಲ ಅಂತಾನೆ.

ದೇಹಕ್ಕೆ ಹಿಂಸೆಯಾದರೂ ಖುಷಿ ಕೊಡುವ ಇನ್ನೊಂದು ಸಂಗತಿ ಖಾರ. ಅದರ ವಿಷಯದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಹಲವು ವರ್ಷ ತಲೆ ಕೆಡಿಸಿಕೊಂಡವರು. ಖಾರ ಅಂದರೆ ನಿಜವಾದ ಖಾರವೇ, ಮೆಣಸಿನಕಾಯಿ. ಬಾಯಿ ಉರಿಯುತ್ತದೆ, ಕಣ್ಣಲ್ಲಿ ಮೂಗಲ್ಲಿ ನೀರು, ದೇಹ “ಉಗುಳು” ಅನ್ನುತ್ತಿದೆ, ಮನುಷ್ಯ ಮಾತ್ರ ಇನ್ನೊಂದು ಮೆಣಸಿನಕಾಯಿ ಬಜ್ಜಿ ಎತ್ತಿಕೊಳ್ಳುತ್ತಾನೆ. ದೇಹ ಹೆದರಿದೆ, ಆದರೆ ಅಪಾಯ ಏನಿಲ್ಲ ಅಂತ ಮನಸ್ಸಿಗೆ ಗೊತ್ತಿದೆ, ಆ ಅಂತರದಲ್ಲೇ ಖುಷಿ ಹುಟ್ಟುತ್ತದೆ ಅನ್ನುವುದು ಅವರ ವಾದ. 2013ರಲ್ಲಿ ಸಹೋದ್ಯೋಗಿಗಳ ಜೊತೆ ಬರೆದ ಪ್ರಬಂಧದಲ್ಲಿ ಅವರು ಅಳು ಬರಿಸುವ ಸಿನಿಮಾ, ಹೆದರಿಸುವ ಸವಾರಿ, ಖಾರ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರು. ಖಾರ ತಿನ್ನುವವರನ್ನು ಯಾರೂ “ನಿಂಗೆ ತಲೆ ಕೆಟ್ಟಿದೆಯಾ” ಅಂತ ಕೇಳಲ್ಲ ಅನ್ನುವುದನ್ನು ನಾನು ಚಿಕ್ಕಮ್ಮನಿಗೆ ಹೇಳಿದೆ. “ಬಜ್ಜಿ ತಿಂದು ರಾತ್ರಿಯೆಲ್ಲ ಲೈಟ್ ಹಾಕ್ಕೊಂಡು ಮಲಗಲ್ಲ ಯಾರೂ” ಅಂದರು.

ಇನ್ನೊಂದು ಹಳೆಯ ವಿವರಣೆ ಇದೆ. ಭಯದಿಂದ ಏರಿದ ಎದೆಬಡಿತ ತಕ್ಷಣ ಇಳಿಯುವುದಿಲ್ಲ, ಹಾಗಾಗಿ ಭಯದ ಬೆನ್ನಿಗೇ ಬರುವ ಸಮಾಧಾನ ದುಪ್ಪಟ್ಟು ಸುಖವಾಗಿ ಕಾಣುತ್ತದೆ ಅಂತ ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ಹೇಳಿದ್ದರು. ರಾಕ್ಷಸ ಸತ್ತು ನಾಯಕಿ ಉಳಿಯುವ ಸಿನಿಮಾಕ್ಕೆ ಇದು ಸರಿಯಾಗಿ ಕೂರುತ್ತದೆ. ಆದರೆ ‘ಹೆರೆಡಿಟರಿ’ಯಲ್ಲಿ ಯಾರೂ ಉಳಿಯುವುದಿಲ್ಲ ಸ್ವಾಮಿ, ಸಮಾಧಾನ ಎಲ್ಲಿಂದ ತರೋದು? ನನಗನ್ನಿಸುವುದು, ಅಂಥ ಸಿನಿಮಾದ ಸಮಾಧಾನ ಸಿನಿಮಾದ ಹೊರಗಿರುತ್ತದೆ. ಲೈಟ್ ಹಾಕುವುದು, ನೀರು ಕುಡಿಯುವುದು, ಪಕ್ಕದವನ ಮುಖ ನೋಡಿ “ಅಬ್ಬಾ” ಅನ್ನುವುದು. ಫ್ಯಾನ್ ತಿರುಗುತ್ತಿದೆ, ಹೊರಗೆ ನಾಯಿ ಬೊಗಳುತ್ತಿದೆ, ಬೆಳಿಗ್ಗೆ ಆಫೀಸಿದೆ. ಆ ಆಫೀಸು ಕೂಡ ಒಂದು ಗಳಿಗೆ ಹಿತವಾಗಿ ಕಾಣುತ್ತದೆ.

ಹಿಂಸೆಯ ಮಾತು ಬಂದಾಗ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಬಿಟ್ಟು ಮುಂದೆ ಹೋಗಲಾಗುವುದಿಲ್ಲ. 1974ರ ಈ ಸಿನಿಮಾಕ್ಕೆ ಐವತ್ತು ದಾಟಿತು, ಇನ್ನೂ ನೋಡುವವರಿದ್ದಾರೆ. ಬ್ರಿಟನ್ನಿನ ಸೆನ್ಸಾರ್ ಮಂಡಳಿ 1975ರಲ್ಲಿ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಒಂದೂ ಕತ್ತರಿ ಪ್ರಯೋಗ ಇಲ್ಲದೆ ಅದು ಅಲ್ಲಿ ಪಾಸಾಗಿದ್ದು 1999ರಲ್ಲಿ. ಹೆಸರು ಕೇಳಿದರೆ ಪರದೆ ತುಂಬ ರಕ್ತ ಅಂದುಕೊಳ್ಳುತ್ತೇವೆ. ನೋಡಿದವರೂ ಹಾಗೇ ನೆನಪಿಟ್ಟುಕೊಂಡಿರುತ್ತಾರೆ. ಮತ್ತೆ ಹಾಕಿ ನೋಡಿ, ರಕ್ತ ಬಹಳ ಕಮ್ಮಿ. ಹುಡುಗಿಯನ್ನು ಮಾಂಸ ನೇತುಹಾಕುವ ಕೊಕ್ಕೆಗೆ ಸಿಕ್ಕಿಸುವ ದೃಶ್ಯದಲ್ಲಿ ಕೊಕ್ಕೆ ಮೈಗೆ ಚುಚ್ಚುವುದನ್ನು ತೋರಿಸುವುದೇ ಇಲ್ಲ. ಚುಚ್ಚಿದ್ದು ನಮ್ಮ ತಲೆಯೊಳಗೆ. ನಿರ್ದೇಶಕ ಟೋಬ್ ಹೂಪರ್‌ಗೆ ಮಕ್ಕಳೂ ದೊಡ್ಡವರ ಜೊತೆ ನೋಡಬಹುದಾದ ‘ಪಿಜಿ’ ಸಿಗಬಹುದು ಅನ್ನುವ ಆಸೆ ಇತ್ತಂತೆ. ಆಸೆಗೂ ಒಂದು ಮಿತಿ ಬೇಡ್ವಾ!

ರಕ್ತ ಇಲ್ಲದಿದ್ದರೂ ಮೈಗೆ ಅಂಟಿದ ಹಾಗಾಗುವುದು ಯಾಕೆ ಅಂದರೆ, ಅದನ್ನು ತೆಗೆದ ರೀತಿಯೇ ಹಾಗಿತ್ತು. 1973ರ ಬೇಸಿಗೆ, ಟೆಕ್ಸಾಸ್‌ನ ಸೆಕೆ. ಕೊನೆಯ ಊಟದ ಮೇಜಿನ ದೃಶ್ಯವನ್ನು ಸುಮಾರು 26 ಗಂಟೆ ಒಂದೇ ಸಮನೆ ಚಿತ್ರಿಸಿದರು. ರಾತ್ರಿ ಅನ್ನಿಸಲಿ ಅಂತ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿದ್ದರು, ಗಾಳಿ ಇಲ್ಲ, ಮೇಲೆ ದೀಪಗಳ ಬಿಸಿ, ಮೇಜಿನ ಮೇಲಿದ್ದ ಮಾಂಸ ಕೊಳೆಯುತ್ತಿತ್ತು. ಜನ ಹೊರಗೆ ಓಡಿ ವಾಂತಿ ಮಾಡಿ ಬಂದು ಮತ್ತೆ ನಟಿಸಿದರು. ಚರ್ಮದ ಮುಖವಾಡದ ಕೊಲೆಗಾರನಾಗಿದ್ದ ಗನ್ನರ್ ಹ್ಯಾನ್ಸನ್‌ಗೆ ಇದ್ದದ್ದು ಒಂದೇ ಜೊತೆ ಬಟ್ಟೆ. ಒಗೆದರೆ ಬಣ್ಣ ಹೋದೀತು ಅಂತ ವಾರಗಟ್ಟಲೆ ಒಗೆಯಲಿಲ್ಲ. ಇದೆಲ್ಲ ತಿಳಿದುಕೊಂಡು ಮತ್ತೆ ನೋಡಿದರೆ ಭಯ ಕಮ್ಮಿಯಾಗಬೇಕು. “ಇದು ಶೂಟಿಂಗ್” ಅಂತ ಗೊತ್ತಾಯಿತಲ್ಲ. ಆದರೆ ನಾಯಕಿ ಕಿರುಚುವಾಗ ಆ ದಣಿವು ನಟನೆ ಅಲ್ಲ ಅಂತಲೂ ಗೊತ್ತಾಗಿರುತ್ತದೆ. ಕಿರುಚಾಟದ ಆ ಉದ್ದ, ಬೆವರು, ಕಣ್ಣಿನ ಹತ್ತಿರಕ್ಕೆ ಹೋಗುವ ಕ್ಯಾಮೆರಾ ಎಲ್ಲ ಇನ್ನೊಂದು ಥರ ಕಾಡುತ್ತದೆ.

ಇದೇ ಸಿನಿಮಾದಲ್ಲಿ ನಾನು ಎರಡನೇ ಸಲ ಮಾತ್ರ ಕಂಡ ಇನ್ನೊಂದು ಸಂಗತಿ. ಆ ಮುಖವಾಡದವನು ಒಬ್ಬರಾದ ಮೇಲೆ ಒಬ್ಬರನ್ನು, ತನ್ನ ಮನೆಗೆ ಬಂದ ಮೂವರನ್ನು ಮುಗಿಸುತ್ತಾನೆ. ಆಮೇಲೆ ಕಿಟಕಿ ಹತ್ತಿರ ಹೋಗಿ ಹೊರಗೆ ಇಣುಕುತ್ತಾನೆ, ಕೂತು ತಲೆ ಹಿಡಿದುಕೊಳ್ಳುತ್ತಾನೆ. ಅವನಿಗೆ ಗಾಬರಿಯಾಗಿದೆ! ಇವರೆಲ್ಲ ಎಲ್ಲಿಂದ ಬರುತ್ತಿದ್ದಾರೆ, ಇನ್ನೆಷ್ಟು ಜನ ಬರ್ತಾರೆ ಅನ್ನುವ ಹಾಗೆ. ಮೊದಲ ಸಲ ನನಗೆ ಅವನು ಬರೀ ರಾಕ್ಷಸ, ನಾನು ಓಡುವವರ ಜೊತೆ ಓಡುತ್ತಿದ್ದೆ. ಎರಡನೇ ಸಲ ಅವನ ಮನೆಯೊಳಗೆ ನಿಂತು ನೋಡಿದೆ. ಅವನ ಮೇಲೆ ಕರುಣೆ ಬಂತು ಅಂತ ಹೇಳುತ್ತಿಲ್ಲ, ಆದರೆ ಆ ಮನೆಯ ಒಳಗಿನಿಂದ ಹೊರಗಿನ ಬಿಸಿಲು ಹೇಗೆ ಕಾಣುತ್ತದೆ ಅಂತ ಗೊತ್ತಾಯಿತು.

ಗೊತ್ತಿರುವ ಕಥೆಯನ್ನು ಮತ್ತೆ ನೋಡುವುದು ನಮಗೇನು ಹೊಸದಲ್ಲ. ಯಕ್ಷಗಾನದ ಊರುಗಳಲ್ಲಿ ಬೆಳೆದವರಿಗಂತೂ ಈ ಪ್ರಶ್ನೆಯೇ ವಿಚಿತ್ರ. ಅಭಿಮನ್ಯು ಇವತ್ತು ಚಕ್ರವ್ಯೂಹದಿಂದ ಹೊರಗೆ ಬರ್ತಾನಾ ಅಂತ ನೋಡೋಕೆ ಯಾರೂ ರಾತ್ರಿಯಿಡೀ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಕೂತಿಲ್ಲ. ಕೇಳುತ್ತಿದ್ದದ್ದು “ಇವತ್ತು ಅಭಿಮನ್ಯು ಯಾರದ್ದು?” ಅಂತ. ನಾನು ಚಿಕ್ಕವನಿದ್ದಾಗ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಸಿಕ್ಕಾಪಟ್ಟೆ ಹೆದರುತ್ತಿದ್ದೆ. ಹೆದರಿಕೆ ಹೋಗಲಿ ಅಂತ ಮಾವ ಒಂದು ಸಲ ವೇಷ ಹಾಕಿಕೊಳ್ಳುವ ಚೌಕಿಗೆ ಕರೆದುಕೊಂಡು ಹೋದರು. ಅಲ್ಲಿ ವೇಷಧಾರಿ ಕೈಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಮುಳ್ಳಿನಂತೆ ಇಡುತ್ತಿದ್ದರು. ಗಂಟೆಗಟ್ಟಲೆ ಕೆಲಸ. ನನ್ನನ್ನು ನೋಡಿ “ಊಟ ಆಯ್ತಾ ಮಗ?” ಅಂತ ಕೇಳಿದರು ಕೂಡ. ಪಾಪದ ಮನುಷ್ಯ. ಅದೇ ರಾತ್ರಿ ತೆರೆಯ ಹಿಂದಿನಿಂದ ಅದೇ ಮನುಷ್ಯನ ಆರ್ಭಟ ಕೇಳಿಸಿತು, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭುಗ್ ಅಂತ ಎದ್ದಿತು, ತೆರೆ ಸರಿಯಿತು. ಮಾವನ ಪಂಚೆಯೊಳಗೆ ತಲೆ ಹುದುಗಿಸಿದವನು ನಾನೇ. ಮುಂದಿನ ವಾರ ಪಕ್ಕದೂರಿನ ಆಟಕ್ಕೆ ಹಟ ಮಾಡಿ ಹೋದವನೂ ನಾನೇ. ಆ ಸಲ ಒಂದು ಕಣ್ಣು ತೆರೆದಿಟ್ಟುಕೊಂಡಿದ್ದೆ.

ಸಾವಿರ ವರ್ಷದ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಭಯಾನಕ ರಸದ ಬಗ್ಗೆ ಬರೆಯುವಾಗ ಕಾಳಿದಾಸನ ಶಾಕುಂತಲದ ಜಿಂಕೆಯನ್ನು ಎತ್ತಿಕೊಳ್ಳುತ್ತಾನೆ. ರಥ ಬೆನ್ನಟ್ಟಿ ಬರುತ್ತಿದೆ, ಜಿಂಕೆ ಕೊರಳು ತಿರುಗಿಸಿ ತಿರುಗಿಸಿ ನೋಡುತ್ತಾ ಓಡುತ್ತಿದೆ, ಅರ್ಧ ಮೆದ್ದ ದರ್ಭೆ ಬಾಯಿಂದ ದಾರಿಯಲ್ಲಿ ಉದುರುತ್ತಿದೆ. ಅಲ್ಲಿರುವುದು ನನ್ನ ಭಯವೂ ಅಲ್ಲ, ಶತ್ರುವಿನದ್ದೂ ಅಲ್ಲ, ಗೆಳೆಯನದ್ದೂ ಅಲ್ಲ, ಯಾರ ಹೆಸರಿಗೂ ಅಂಟದ ಭಯ, ಅದಕ್ಕೇ ಅದನ್ನು ಸವಿಯಲು ಆಗುತ್ತದೆ ಅನ್ನುವುದು ಅವನ ಮಾತಿನ ಸಾರ. ನನ್ನ ಹೆಸರಿಗೆ ಅಂಟಿದ ಭಯ ಆಗಿದ್ದರೆ ಎದ್ದು ಓಡಬೇಕಾಗುತ್ತಿತ್ತು. ಮೊದಲ ಸಲ ಸಿನಿಮಾ ನೋಡುವಾಗ ಭಯ ಬಹುಮಟ್ಟಿಗೆ ನನ್ನದೇ. ನನ್ನ ಹೊಟ್ಟೆ, ನನ್ನ ಬೆವರು, ರಾತ್ರಿ ಬಾತ್‌ರೂಮಿಗೆ ಒಬ್ಬನೇ ಹೋಗಬೇಕಾದ ನಾನು. ಜಿಂಕೆಯ ಕೊರಳು ಕಾಣುವುದು ಎರಡನೇ ಸಲ.

ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುವ ಸ್ಪಾಯ್ಲರ್ ಬಗ್ಗೆ ಜಗಳ ಮಾಡುವವರಿಗೆ ಒಂದು ಸಣ್ಣ ವಿಷಯ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 12 ಸಣ್ಣಕಥೆಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದಾಗ, ಕೊನೆ ಮೊದಲೇ ಗೊತ್ತಿದ್ದವರೇ ಒಟ್ಟಾರೆ ಜಾಸ್ತಿ ಇಷ್ಟಪಟ್ಟಿದ್ದರು. ಆಮೇಲೆ ಬೇರೆಯವರ ಪ್ರಯೋಗದಲ್ಲಿ ಉಲ್ಟಾ ಕೂಡ ಬಂದಿದೆ, ಹಾಗಾಗಿ ಇದನ್ನು ಹಿಡಿದುಕೊಂಡು ಯಾರ ಸಿನಿಮಾವನ್ನೂ ಹಾಳು ಮಾಡಬೇಡಿ.

ಈಗ ಎಲ್ಲರೂ ಹೇಳುತ್ತಿರುವ ಒಂದು ಮಾತಿಗೆ ಬರುತ್ತೇನೆ: ಹಾರರ್ ನೋಡಿದರೆ ಮನಸ್ಸು ಗಟ್ಟಿಯಾಗುತ್ತದೆ, ಆತಂಕಕ್ಕೆ ಅದೇ ಮದ್ದು ಅಂತ. ಇದರ ಹಿಂದೆ ಒಂದು ನಿಜವಾದ ಅಧ್ಯಯನ ಇದೆ. ಕೋವಿಡ್ ಶುರುವಾದ ಹೊಸದರಲ್ಲಿ ಸಂಶೋಧಕ ಕೋಲ್ಟನ್ ಸ್ಕ್ರಿವ್ನರ್ ಮತ್ತು ಜೊತೆಗಾರರು ಮಾಡಿದ ಸಮೀಕ್ಷೆಯಲ್ಲಿ, ಹಾರರ್ ಇಷ್ಟಪಡುವವರು ಮಾನಸಿಕ ಸಂಕಟ ಸ್ವಲ್ಪ ಕಮ್ಮಿ ಇದೆ ಅಂತ ಹೇಳಿಕೊಂಡಿದ್ದರು. ಅದು ಒಂದು ಸಲ ಕೇಳಿದ ಪ್ರಶ್ನೆಗೆ ಜನ ತಮ್ಮ ಬಗ್ಗೆ ತಾವೇ ಕೊಟ್ಟ ಉತ್ತರ. ಹಾರರ್ ನೋಡಿದ್ದಕ್ಕೆ ಗಟ್ಟಿಯಾದರೋ, ಗಟ್ಟಿ ಇದ್ದವರೇ ಹಾರರ್ ನೋಡುತ್ತಾರೋ, ಅದರಿಂದ ಹೇಳಲಾಗುವುದಿಲ್ಲ. ಅದನ್ನು ಔಷಧಿ ಚೀಟಿ ಥರ ಹಂಚುವುದು ನನಗೆ ಸರಿ ಕಾಣುವುದಿಲ್ಲ. ರಾತ್ರಿ ನಿದ್ದೆ ಬಾರದೆ ಒದ್ದಾಡುವವರು, ಹತ್ತಿರದವರನ್ನು ಈಗಷ್ಟೇ ಕಳೆದುಕೊಂಡವರು ‘ಹೆರೆಡಿಟರಿ’ ಹಾಕಿಕೊಂಡು ಕೂತು ವಾಸಿಯಾಗುತ್ತೇವೆ ಅಂದುಕೊಳ್ಳುವುದು ಬೇಡ. ನೋಡಿ ನಿದ್ದೆಗೆಟ್ಟರೆ ಆಫ್ ಮಾಡಿ. ಯಾರೂ ಮೆಡಲ್ ಕೊಡುವುದಿಲ್ಲ.

ಆದರೆ ಅದೇ ತಂಡ ಮಾಡಿದ ಇನ್ನೊಂದು ವಿಂಗಡಣೆ ನನಗೆ ಕೆಲಸಕ್ಕೆ ಬಂತು. ಹೆದರಲು ಬರುವವರಲ್ಲಿ ಕೆಲವರು ಮೈ ಜುಮ್ಮೆನ್ನಲಿ ಅಂತಲೇ ಬರುತ್ತಾರೆ. ಕೆಲವರು ನಿಜವಾಗಿ ಹೆದರಿ, ಹಲ್ಲು ಕಚ್ಚಿ ಕೂತು, ಮುಗಿಸಿದೆ ಅನ್ನುವ ತೃಪ್ತಿಗೆ ಬರುತ್ತಾರೆ. ಇನ್ನು ಕೆಲವರು ತಮ್ಮದೇ ಯಾವುದೋ ಆತಂಕಕ್ಕೆ ಒಂದು ಆಕಾರ ಸಿಗಲಿ ಅಂತ ಬರುತ್ತಾರೆ. ನನ್ನ ತಮ್ಮ ಮೊದಲ ಗುಂಪು ಅಂದುಕೊಂಡಿದ್ದೆ. ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಕೆಲಸ ಹೋಗಿತ್ತಲ್ಲ ಆಗ ಫಸ್ಟ್ ಟೈಮ್ ಪೂರ್ತಿ ನೋಡಿದ್ದು,” ಅಂದ. “ದಿನಾ ಏನೋ ಕೆಟ್ಟದ್ದಾಗುತ್ತೆ ಅಂತ ಅನ್ಸೋದು, ಏನು ಅಂತ ಗೊತ್ತಾಗ್ತಿರ್ಲಿಲ್ಲ. ಇದ್ರಲ್ಲಿ ಎಷ್ಟು ಹೊತ್ತಿಗೆ ಏನಾಗುತ್ತೆ ಅಂತ ಗೊತ್ತಲ್ಲ ಅಣ್ಣ. ಎರಡು ಗಂಟೆಗೆ ಮುಗಿಯುತ್ತೆ ಕೂಡ.” ಒಂದು ಸಮೀಕ್ಷೆಗಿಂತ ಈ ಉತ್ತರ ನನಗೆ ಹೆಚ್ಚು ಅರ್ಥವಾಯಿತು. ಇದು ಒಬ್ಬನ ಮಾತು, ಎಲ್ಲರ ಮೇಲೂ ಹೇರುವಂತಿಲ್ಲ, ಅದೂ ಗೊತ್ತು.

ಎಲ್ಲ ಕ್ರೂರ ಸಿನಿಮಾಗಳಿಗೂ ಈ ಭಾಗ್ಯ ಇಲ್ಲ. ಮೈ ಕೊಯ್ಯುವುದನ್ನು ಹತ್ತಿರದಿಂದ ತೋರಿಸುವುದೇ ಬಂಡವಾಳ ಮಾಡಿಕೊಂಡ ಸಿನಿಮಾಗಳನ್ನು ನಾನೂ ಒಂದಷ್ಟು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವನ್ನು ಎರಡನೇ ಸಲ ಹಾಕಿದರೆ ನೋಡಲು ಉಳಿದಿರುವುದು ಏನೂ ಇಲ್ಲ. ತೋರಿಸಬೇಕಾದ್ದನ್ನೆಲ್ಲ ಮೊದಲ ಸಲವೇ ಕಣ್ಣಿಗೆ ಒತ್ತಿ ತೋರಿಸಿಬಿಟ್ಟಿರುತ್ತಾರೆ. ಕತ್ತಲೆಯಲ್ಲಿ ಅಮ್ಮನನ್ನು ಬಚ್ಚಿಟ್ಟು “ಬೇಕಿದ್ರೆ ಹುಡುಕ್ಕೋ” ಅನ್ನುವ ಸಿನಿಮಾ ಬೇರೆ.

ಜೊತೆಯವರ ವಿಷಯವೂ ಇದೆ. ‘ತುಂಬಾಡ್’ ಅನ್ನುವ ಹಿಂದಿ ಹಾರರ್ ಸಿನಿಮಾ 2018ರಲ್ಲಿ ಬಂದಾಗ ಥಿಯೇಟರ್‌ಗಳಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆ ಆದಾಗ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಮಾಡಿತು. ಅಷ್ಟರಲ್ಲಿ ಎಷ್ಟೋ ಜನ ಅದನ್ನು ಮೊಬೈಲಿನಲ್ಲಿ, ಟಿವಿಯಲ್ಲಿ ನೋಡಿ ಮುಗಿಸಿದ್ದರು. ನಾನು ಹೋದ ಶೋನಲ್ಲಿ ನನ್ನ ಹಿಂದಿನ ಸಾಲಿನ ಹುಡುಗಿ ಗೆಳತಿಗೆ “ಈಗ ನೋಡೇ, ಈಗ ನೋಡೇ” ಅಂತ ಪಿಸುಗುಡುತ್ತಲೇ ಇದ್ದಳು. ಅವಳು ಪರದೆ ನೋಡುತ್ತಿರಲಿಲ್ಲ, ಗೆಳತಿಯ ಮುಖ ನೋಡುತ್ತಿದ್ದಳು. ಗೆಳತಿ ಕಿರುಚಿದಾಗ ಇವಳಿಗೆ ಏನು ಖುಷಿ! ತನಗೆ ಇನ್ನೆಂದೂ ಸಿಗದ ಆ ಮೊದಲ ಸಲ ಅಲ್ಲಿ ಇನ್ನೊಬ್ಬರ ಮುಖದ ಮೇಲೆ ಆಗುತ್ತಿತ್ತು. ಆರನೇ ಸಲ ನನ್ನ ತಮ್ಮ ನನ್ನನ್ನು ಕೂರಿಸಿಕೊಂಡದ್ದು ಯಾಕೆ ಅಂತ ಆಗ ಹೊಳೆಯಿತು. ಅವನು ಚುರುಮುರಿ ತಿನ್ನುತ್ತಾ ನೋಡುತ್ತಿದ್ದದ್ದು ನನ್ನನ್ನು.

ಕಳೆದ ಶನಿವಾರ ನಾನೇ ಅವನಿಗೆ ಫೋನ್ ಮಾಡಿದೆ. ಬರ್ತೀನಿ, ಹಾಕು ಅಂದೆ.

“ಗೋಡೆ ಸೀನಿಂದ ಹಾಕ್ಲಾ, ಮೊದಲಿಂದನಾ?”

“ಮೊದಲಿಂದ ಹಾಕು. ಬಾತ್‌ರೂಮ್ ಲೈಟ್ ಮಾತ್ರ ಆರಿಸ್ಬೇಡ.”